ಒಕ್ಕಲೆದ್ದವರು, ಒಕ್ಕಲಾದವರು

ನಮ್ಮ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟಿ ಹಾಲುಕ್ಕಿಸಿದರೆ ‘ಮನೆ ಒಕ್ಕಲಾಯಿತು’ ಅನ್ನುತ್ತಾರೆ. ಹೊಲ ಉಳುವ ಕೆಲಸಕ್ಕೆ ಒಕ್ಕಲುತನ ಎಂದು ಹೆಸರು. ಒಂದು ಊರಿನಲ್ಲಿ ಎಷ್ಟು ಸಂಸಾರಗಳಿವೆ ಎಂದು ತಿಳಿಯಬೇಕಾದರೆ ‘ಎಷ್ಟು ಒಕ್ಕಲು?’ ಎಂದು ಕೇಳುತ್ತೇವೆ. ಯಾರನ್ನಾದರೂ ಮನೆಯಿಂದ, ನೆಲದಿಂದ ಕಿತ್ತು ಹೊರಗೆ ಹಾಕಿದರೆ ಅದು ಒಕ್ಕಲೆಬ್ಬಿಸುವುದು. ಮನೆ, ಬೇಸಾಯ, ಸಂಸಾರ ಮೂರನ್ನೂ ಕನ್ನಡ ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ.

ಈ ಹೊತ್ತು ನಾನು ಆ ಒಂದು ಮಾತನ್ನೇ ಹಿಡಿದುಕೊಂಡು ನಿಮ್ಮ ಮುಂದೆ ಬಂದಿದ್ದೇನೆ. ಬೇರೆ ದೇಶದಲ್ಲಿ ಒಕ್ಕಲೆದ್ದು, ಜೀವ ಉಳಿಸಿಕೊಂಡು ನಮ್ಮ ಬಾಗಿಲಿಗೆ ಬಂದವರಿಗೆ ಸರ್ಕಾರ ಎಂಥ ನೆಲೆ ಕೊಡಬೇಕು? ಮಲಗಲು ಒಂದು ಸೂರು ಸಾಕೆ? ಅಥವಾ ಅವರನ್ನು ಮತ್ತೆ ಒಕ್ಕಲು ಮಾಡಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹತ್ತಿದರೆ ಸಾಕು. ಕುಶಾಲನಗರ ಬರುವ ಮುಂಚೆ, ಕಾವೇರಿಯ ಈಚೆ ದಡದಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಸಿಗುತ್ತದೆ.

ಆದರೆ ಟಿಬೆಟ್ಟಿನಿಂದ ಬೈಲಕುಪ್ಪೆಗೆ ಬಂದವರು ನೇರವಾಗಿ ಅಲ್ಲಿಗೆ ಬರಲಿಲ್ಲ. ಅದಕ್ಕೆ ಮುಂಚೆ ಅವರು ಎರಡು ಸೂರುಗಳನ್ನು ಕಂಡಿದ್ದರು. ಮೊದಲು ಆ ಕಥೆ ಕೇಳಿ.

1959ರ ಮಾರ್ಚ್ ತಿಂಗಳು. ಟಿಬೆಟ್ಟಿನ ಲಾಸಾ ನಗರದಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ಜನ ಎದ್ದರು. 17ರ ರಾತ್ರಿ ದಲೈ ಲಾಮಾ ಅರಮನೆ ಬಿಟ್ಟು ಹೊರಟರು. ಹಿಮದ ಹಾದಿಯಲ್ಲಿ ಎರಡು ವಾರ ನಡೆದು, ಕುದುರೆಯ ಮೇಲೆ ಸಾಗಿ, ತಿಂಗಳ ಕೊನೆಯ ದಿನ ಭಾರತದ ಗಡಿ ದಾಟಿದರು. ಏಪ್ರಿಲ್ 3ರಂದು ಪ್ರಧಾನಿ ಜವಾಹರಲಾಲ್ ನೆಹರೂ, ದಲೈ ಲಾಮಾ ಅವರಿಗೆ ಆಶ್ರಯ ಕೊಟ್ಟಿರುವುದಾಗಿ ಲೋಕಸಭೆಗೆ ತಿಳಿಸಿದರು. ಅವರ ಹಿಂದೆಯೇ ಜನ ಬಂದರು. ಮುಂದಿನ ದಿನಗಳಲ್ಲಿ ಹೀಗೆ ಬಂದವರು ಸುಮಾರು 80,000 ಮಂದಿ ಎಂದು ಲೆಕ್ಕ ಹೇಳುತ್ತಾರೆ.

ಇಷ್ಟು ಜನರಿಗೆ ಎಲ್ಲಿ ಜಾಗ? ಅಸ್ಸಾಮಿನ ತೇಜ್‌ಪುರದ ಹತ್ತಿರ ಮಿಸಾಮಾರಿ ಎಂಬಲ್ಲಿ ಸರ್ಕಾರ ಬೇಗಬೇಗನೆ ಬಿದಿರಿನ ಗುಡಿಸಲು ಹಾಕಿಸಿತು. ಭೂತಾನದ ಗಡಿಯ ಬಳಿ ಬಂಗಾಳದ ಬಕ್ಸಾದಲ್ಲಿ ಒಂದು ಹಳೆಯ ಕೋಟೆ ಇತ್ತು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಸೆರೆಯಿಟ್ಟಿದ್ದ ಜಾಗ ಅದು. ಅಲ್ಲಿ ಸುಮಾರು 1,500 ಬೌದ್ಧ ಭಿಕ್ಷುಗಳನ್ನು ಇರಿಸಿದರು. ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಒಂದು ಪರಿಹಾರ ಸಮಿತಿ ಏರ್ಪಟ್ಟು ಅಕ್ಕಿ, ಬಟ್ಟೆ, ಔಷಧಿ ಕಳುಹಿಸಿತು.

ಈಗ ಒಂದು ಸಂಗತಿ ಮನಸ್ಸಿಗೆ ತಂದುಕೊಳ್ಳಿ. ಲಾಸಾ ಸಮುದ್ರ ಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಲಾಸಾದ ಎತ್ತರಕ್ಕಿಂತ ಬರೀ ಸ್ವಲ್ಪ ಮೇಲಾಗುತ್ತದೆ, ಅಷ್ಟೆ. ಅಂಥ ತಣ್ಣನೆಯ, ಒಣ ಗಾಳಿಯಲ್ಲಿ ಬೆಳೆದ ಜನ ಬಂದಿಳಿದದ್ದು ಅಸ್ಸಾಮಿನ ಬಯಲಿಗೆ, ಬೇಸಗೆಯಲ್ಲಿ. ಮೈಮೇಲೆ ಉಣ್ಣೆಯ ಭಾರವಾದ ಬಟ್ಟೆ. ಸುತ್ತ ಬೆವರು, ಸೊಳ್ಳೆ, ಬಗ್ಗಡದ ನೀರು. ಭೇದಿ ಬಂತು, ಜ್ವರ ಬಂತು, ಕ್ಷಯ ಬಂತು. ಗಡಿ ದಾಟಿ ಬದುಕಿದವರಲ್ಲಿ ಅನೇಕರು ಈ ಶಿಬಿರಗಳಲ್ಲಿ ತೀರಿಕೊಂಡರು. ಕೊಟ್ಟವರ ಮನಸ್ಸು ಒಳ್ಳೆಯದಿತ್ತು. ಸೂರೂ ಇತ್ತು, ಅನ್ನವೂ ಇತ್ತು. ಆದರೂ ಜನ ಸತ್ತರು.

ಇದು ಮೊದಲನೆಯ ಸೂರು, ತುರ್ತಿನ ಸೂರು. ಪ್ರವಾಹ ಬಂದಾಗ ಶಾಲೆಯ ಜಗಲಿಯಲ್ಲಿ ಮಲಗಿಸುತ್ತೇವಲ್ಲ, ಹಾಗೆ. ನಾಲ್ಕು ದಿನಕ್ಕೆ ಅದು ಪುಣ್ಯದ ಕೆಲಸ. ನಾಲ್ಕು ತಿಂಗಳಾದರೆ ಅದೇ ಒಂದು ಕಷ್ಟ. ಎರಡನೆಯ ಸೂರು ಯಾವುದು? ಅದು ರಸ್ತೆಯ ಪಕ್ಕದ ಡೇರೆ.

ಬಯಲಿನ ಸೆಕೆಯಿಂದ ಈ ಜನರನ್ನು ಪಾರು ಮಾಡಬೇಕು. ಅವರ ಕೈಗೆ ಕೆಲಸವನ್ನೂ ಕೊಡಬೇಕು. ಅದೇ ಹೊತ್ತಿಗೆ ಹಿಮಾಲಯದ ಗಡಿಯಲ್ಲಿ ರಸ್ತೆಗಳಾಗಬೇಕಿತ್ತು. ಹಾಗಾಗಿ ಸಾವಿರಾರು ಟಿಬೆಟನ್ನರನ್ನು ಸಿಕ್ಕಿಂಗೆ, ಹಿಮಾಚಲದ ಬೆಟ್ಟಗಳಿಗೆ, ಜಮ್ಮುವಿನ ಕಡೆಗೆ ಕಳುಹಿಸಿದರು. ಗಂಡಸರು, ಹೆಂಗಸರು, ಭಿಕ್ಷುಗಳು ಎಲ್ಲರೂ ಕಲ್ಲು ಒಡೆದರು. ಗಾಳಿ ತಂಪಾಗಿತ್ತು, ದಿನಗೂಲಿ ಸಿಗುತ್ತಿತ್ತು. ಆದರೆ ರಸ್ತೆ ಮುಂದೆ ಹೋದಂತೆ ಡೇರೆಯೂ ಮುಂದೆ ಹೋಗಬೇಕು. ಬಂಡೆ ಸಿಡಿಸುವ ಜಾಗದಲ್ಲೇ ಮಕ್ಕಳು ಆಡಬೇಕು. 1960ರ ಮೇ ತಿಂಗಳಲ್ಲಿ ಇಂಥ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ಸೊರಗಿದ, ಕಾಯಿಲೆಬಿದ್ದ ಮಕ್ಕಳು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೊಲ್ಮಾ ಆ ಮಕ್ಕಳನ್ನು ನೋಡಿಕೊಂಡರು. ಮುಂದೆ ದೊಡ್ಡ ಸಂಸ್ಥೆಯಾಗಿ ಬೆಳೆದ ಟಿಬೆಟನ್ ಮಕ್ಕಳ ಗ್ರಾಮದ ಮೊದಲ ಮಕ್ಕಳು ಅವರೇ.

ಇಲ್ಲಿಯವರೆಗಿನ ಮಾತನ್ನು ಒಮ್ಮೆ ಕೂಡಿಸಿಕೊಳ್ಳೋಣ. ಮಿಸಾಮಾರಿಯಲ್ಲಿ ಸೂರು ಇತ್ತು, ಕೆಲಸ ಇರಲಿಲ್ಲ. ರಸ್ತೆಯಲ್ಲಿ ಕೆಲಸ ಇತ್ತು, ನಿಂತ ಸೂರು ಇರಲಿಲ್ಲ. ಎರಡು ಕಡೆಯೂ ಒಂದು ಕಾಳು ಬಿತ್ತುವ ಹಾಗಿರಲಿಲ್ಲ. ಬಿತ್ತಬೇಕಾದರೆ ಕೊಯ್ಲಿನ ತನಕ ಇಲ್ಲೇ ಇರುತ್ತೇನೆ ಎಂಬ ನಂಬಿಕೆ ಬೇಕು. ಆ ನಂಬಿಕೆಯನ್ನು ಕೊಟ್ಟ ಮೂರನೆಯ ಸೂರಿಗೆ ಈಗ ಬರೋಣ.

ಜಮೀನು ಕೊಡಬಲ್ಲಿರಾ ಎಂದು ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿತು. ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮೊದಲ ಸಾಲಿನದು. 1960ರಲ್ಲಿ ಇಲ್ಲಿ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾಗಿದ್ದರು. ಅವರಿಗಿಂತ ಮುಂಚೆಯೂ ಆಮೇಲೂ ಆ ಹುದ್ದೆಯಲ್ಲಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಎಷ್ಟೋ ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ಬೈಲಕುಪ್ಪೆಯಲ್ಲಿ ಕೊಟ್ಟ ಜಮೀನು ಸುಮಾರು 3,000 ಎಕರೆ. 1960ರ ಕೊನೆಯಲ್ಲಿ ಮೊದಲ ತಂಡವಾಗಿ ಆರುನೂರಕ್ಕೂ ಹೆಚ್ಚು ಜನ ಬಂದಿಳಿದರು. ಲುಗ್ಸುಂಗ್ ಸಮ್ಡುಪ್ಲಿಂಗ್ ಎಂದು ಆ ನೆಲೆಗೆ ಹೆಸರಾಯಿತು.

ಜಮೀನು ಅಂದೆ. ಉತ್ತು ಹದ ಮಾಡಿದ ಹೊಲ ಎಂದು ತಿಳಿಯಬೇಡಿ. ಅದು ಕಾಡು. ಬಿದಿರು ಮೆಳೆ, ದೊಡ್ಡ ಮರ, ಆನೆಯ ದಾರಿ. ಮೊದಲ ದಿನಗಳಲ್ಲಿ ಜನ ಡೇರೆಗಳಲ್ಲಿದ್ದರು, ಆಮೇಲೆ ಬಿದಿರ ಗುಡಿಸಲಲ್ಲಿ. ಹಗಲಿಡೀ ಮರ ಕಡಿಯುವುದು, ಬೇರು ಕೀಳುವುದು, ಪೊದೆ ಸುಡುವುದು. ಹೊಗೆಯಿಂದ ಆಕಾಶ ಮಬ್ಬಾಗುತ್ತಿತ್ತು. ಕೆಂಪು ಧೂಳು ಊಟದ ತಟ್ಟೆಗೂ ಬೀಳುತ್ತಿತ್ತು. ರಾತ್ರಿ ಆನೆಗಳು ಬರುತ್ತಿದ್ದವು. ಅಲ್ಲಿಗೆ ಬಂದ ದಲೈ ಲಾಮಾ ಅವರೂ ಬಿದಿರಿನ ಗೋಡೆಯ ಒಂದು ತಾತ್ಕಾಲಿಕ ಮನೆಯಲ್ಲೇ ಉಳಿದರು. ಬಿಸಿಲಿಗೆ ಕಪ್ಪಾದ, ಎದೆಗುಂದಿದ ತಮ್ಮ ಜನಕ್ಕೆ ಧೈರ್ಯ ಹೇಳಿದರು.

ಮೆಲ್ಲಗೆ ಕಾಡು ಹೊಲವಾಯಿತು. ಒಬ್ಬರಿಗೆ ಒಂದು ಎಕರೆಯ ಲೆಕ್ಕದಲ್ಲಿ, ಐದು ಜನರ ಸಂಸಾರಕ್ಕೆ ಸುಮಾರು ಐದು ಎಕರೆ ಬಂತು. ಇಟ್ಟಿಗೆ ಗೋಡೆ, ಹೆಂಚಿನ ಮಾಡಿನ ಚಿಕ್ಕ ಮನೆಗಳೆದ್ದವು. ಟ್ರ್ಯಾಕ್ಟರು ಬಂತು, ಸ್ವಿಟ್ಜರ್ಲೆಂಡಿನ ನೆರವು ಬಂತು. ಟಿಬೆಟ್ಟಿನಲ್ಲಿ ಬಾರ್ಲಿ ಬೆಳೆದು, ಯಾಕ್ ಮೇಯಿಸಿದ ಕೈಗಳು ಇಲ್ಲಿ ಮುಸುಕಿನ ಜೋಳ ಬಿತ್ತಲು ಕಲಿತವು. ಮುಂಗಾರು ಎಂದರೇನು, ಯಾವ ಮಳೆಗೆ ಬೀಜ ಹಾಕಬೇಕು ಎಂಬುದನ್ನು ನೆರೆಯ ಹಳ್ಳಿಗಳ ನಮ್ಮ ರೈತರನ್ನು ನೋಡಿ ತಿಳಿದರು. ಮೊದಲ ಕೊಯ್ಲಿನ ದಿನ ಆ ಜನ ಶಿಬಿರವಾಸಿಗಳಾಗಿ ಉಳಿಯಲಿಲ್ಲ. ಅವರು ಒಕ್ಕಲಾದರು.

ಬೈಲಕುಪ್ಪೆಯ ಅನುಭವ ಬೇರೆ ನೆಲೆಗಳಿಗೆ ದಾರಿಯಾಯಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಸುಮಾರು 4,000 ಎಕರೆಯ ನೆಲೆ ಆಯಿತು. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯದು. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯ. ಹೀಗೆ 1970ರ ದಶಕದ ನಡುವಿನ ಹೊತ್ತಿಗೆ ಕರ್ನಾಟಕದಲ್ಲಿ ಐದು ನೆಲೆಗಳಾದವು.

ಜಮೀನು, ಮನೆ ಎರಡೂ ಬಂದವು ಎಂದೆ. ಅಷ್ಟೇ ಆಗಿದ್ದರೆ ಈ ನೆಲೆಗಳು ನಿಲ್ಲುತ್ತಿದ್ದವೇ? ನನಗೆ ಅನುಮಾನ. ಸರ್ಕಾರ ಇನ್ನೂ ಮೂರು ಸಂಗತಿಗಳಿಗೆ ಜಾಗ ಬಿಟ್ಟಿತು. ಅವು ಕಣ್ಣಿಗೆ ಬೇಗ ಕಾಣುವುದಿಲ್ಲ. ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಒಟ್ಟಿಗೆ ಇರುವುದು. ಹತ್ತು ಮನೆ ಇಲ್ಲಿ, ಹತ್ತು ಮನೆ ಅಲ್ಲಿ ಎಂದು ಅವರನ್ನು ಚದುರಿಸಲಿಲ್ಲ. ಭಾಷೆ, ಹಬ್ಬ, ಮದುವೆ, ಸಾವು ಎಲ್ಲಕ್ಕೂ ತಮ್ಮವರು ಪಕ್ಕದಲ್ಲಿದ್ದರು. ನೆಲೆಯ ದಿನನಿತ್ಯದ ಆಡಳಿತ ನೋಡಲು ಅವರದೇ ಅಧಿಕಾರಿಗಳಿದ್ದರು, ಹಳ್ಳಿಗೊಬ್ಬ ಮುಖಂಡನಿದ್ದ.

ಎರಡನೆಯದು, ಶಾಲೆ. 1961ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಟಿಬೆಟನ್ ಶಾಲೆಗಳಿಗೇ ಒಂದು ಆಡಳಿತ ಸಂಸ್ಥೆ ಹುಟ್ಟಿತು. ಮಕ್ಕಳು ತಮ್ಮ ಲಿಪಿಯನ್ನೂ ಕಲಿತರು, ಈ ದೇಶದ ಪಠ್ಯವನ್ನೂ ಓದಿದರು.

ಮೂರನೆಯದು, ದುಡಿಯುವ ಸ್ವಾತಂತ್ರ್ಯ. ಮಳೆ ನಂಬಿದ ಒಂದು ಬೆಳೆಯಿಂದ ಸಂಸಾರ ಸಾಗದು. ಸಹಕಾರ ಸಂಘ ಬೆಳೆ ಕೊಂಡಿತು, ಬೀಜ ಗೊಬ್ಬರ ಕೊಟ್ಟಿತು. ಕೊಯ್ಲು ಮುಗಿದ ಮೇಲೆ ಜನ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬೀದಿ ಬದಿಯಲ್ಲಿ ಚಳಿಗಾಲದ ಸಂಜೆ ಸಾಲಾಗಿ ತೂಗುಹಾಕಿದ ಉಣ್ಣೆ ಅಂಗಿಗಳು ನಮ್ಮಲ್ಲಿ ಅನೇಕರ ಬಾಲ್ಯದ ನೆನಪು. ಚೌಕಾಸಿ ಮಾಡುತ್ತ ಕನ್ನಡ ಕಲಿತ ಆ ಹೆಂಗಸರು ಮಳೆಗಾಲದಲ್ಲಿ ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದರು ಎಂಬುದು ನಮಗೆ ತಿಳಿದಿರಲಿಲ್ಲ, ಅಷ್ಟೆ.

ಬಕ್ಸಾ ಕೋಟೆಯ ಭಿಕ್ಷುಗಳನ್ನು ಮರೆತಿಲ್ಲ ತಾನೆ? ಹತ್ತು ವರ್ಷ ಆ ಸೆರೆಮನೆಯಲ್ಲಿ ಓದು ಬಿಡದೆ ಉಳಿದವರು 1969ರ ಸುಮಾರಿಗೆ ಇಲ್ಲಿಗೆ ಇಳಿದು ಬಂದರು. ಸೆರಾ ಮಠದ ಸುಮಾರು 300 ಮಂದಿ ಬೈಲಕುಪ್ಪೆಗೆ ಬಂದರು. ಡ್ರೆಪುಂಗ್, ಗಂಡೆನ್ ಮಠಗಳವರು ಮುಂಡಗೋಡಿಗೆ ಹೋದರು. ಅವರಿಗೂ ಸಿಕ್ಕಿದ್ದು ಕಾಡೇ. ಅವರೂ ಹಗಲು ಹೊಲ ಉತ್ತು, ಸಂಜೆ ಶಾಸ್ತ್ರ ಓದಿದರು. ಇಂದು ಆ ಮಠಗಳಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಪ್ರವಾಸಿಗಳು ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧಮೂರ್ತಿಗಳನ್ನು ನೋಡಿ ಬೆರಗಾಗುತ್ತಾರೆ. ಆ ಬೆರಗಿಗೆ ಅಡಿಪಾಯ ಹಾಕಿದ್ದು ಜೋಳದ ಹೊಲ.

ಈವರೆಗೆ ಬಂದವರ ಮಾತಾಯಿತು. ನೆಲ, ಮನೆ, ಒಗ್ಗೂಡಿ ಇರುವುದು, ಶಾಲೆ, ದುಡಿಮೆ, ಈ ಐದು ಸೇರಿ ಅವರು ಒಕ್ಕಲಾದರು. ಇನ್ನು ಇದ್ದವರ ಮಾತು. ಅದನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ.

ಆ ಕಾಡಿನಂಚಿನ ನಮ್ಮ ಹಳ್ಳಿಗಳಲ್ಲೂ ಭೂಮಿ ಇಲ್ಲದವರು ಇದ್ದರು. ದನ ಮೇಯಿಸುತ್ತಿದ್ದವರು, ಸೌದೆ ತರುತ್ತಿದ್ದವರು, ಕೂಲಿ ಮಾಡುತ್ತಿದ್ದವರು. ‘ದೂರದಿಂದ ಬಂದವರಿಗೆ ಮನೆ, ಟ್ರ್ಯಾಕ್ಟರು. ಇಲ್ಲೇ ಹುಟ್ಟಿದ ನಮಗೇನು?’ ಎಂಬ ಪ್ರಶ್ನೆ ಅವರ ಎದೆಯಲ್ಲಿ ಹುಟ್ಟಿದ್ದರೆ ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅದು ನ್ಯಾಯದ ಪ್ರಶ್ನೆ. ಅದಕ್ಕೆ ಉತ್ತರ ಕೊಡದ ಸರ್ಕಾರ ಬಂದವರನ್ನೂ ಅಪಾಯಕ್ಕೆ ಒಡ್ಡುತ್ತದೆ.

ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು ಎನ್ನಲಾರೆ. ಆದರೆ ಒಂದು ಉತ್ತರ ಸಿಕ್ಕಿದ್ದನ್ನು ಹೇಳಲೇಬೇಕು. 1968ರಲ್ಲಿ ಟಿಬೆಟನ್ನರ ಪುನರ್ವಸತಿಯಲ್ಲಿ ಸರ್ಕಾರಕ್ಕೆ ನೆರವಾಗಲು ಒಂದು ಸಂಸ್ಥೆ ಹುಟ್ಟಿತು. ಅದರ ಹೆಸರು ಮೈರಾಡ. ಹೊಲ ಮಾಡುವುದು, ಸಹಕಾರ ಸಂಘ ನಡೆಸುವುದು, ಜನರನ್ನು ಒಗ್ಗೂಡಿಸುವುದು, ಇವನ್ನೆಲ್ಲ ಅದು ಈ ನೆಲೆಗಳಲ್ಲಿ ಕಲಿಯಿತು. 1980ರ ದಶಕದಲ್ಲಿ ಅದೇ ಸಂಸ್ಥೆ ಪೂರ್ತಿಯಾಗಿ ನಮ್ಮ ಹಳ್ಳಿಯ ಬಡವರ ಕಡೆ ತಿರುಗಿತು. ಇಂದು ಮನೆಮಾತಾಗಿರುವ ಸ್ವಸಹಾಯ ಗುಂಪುಗಳ ಕಲ್ಪನೆಯನ್ನು ಬೆಳೆಸಿದವರಲ್ಲಿ ಮೈರಾಡ ಮುಂದಿನ ಸಾಲಿನದು. ನಿಮ್ಮ ಊರಿನ ಸಂಘದಲ್ಲಿ ವಾರಕ್ಕೊಮ್ಮೆ ಉಳಿತಾಯದ ಹಣ ಕಟ್ಟುವ ತಾಯಂದಿರು ಈ ಮಾತು ಕೇಳುತ್ತಿದ್ದರೆ ಒಂದು ಸಂಗತಿ ನೆನಪಿಡಿ. ಆ ಪಾಠದ ಒಂದು ಬೇರು ಬಂದವರಿಗಾಗಿ ಮಾಡಿದ ಕೆಲಸದಲ್ಲಿದೆ. ಬಂದವರಿಗೆ ಕೊಟ್ಟದ್ದು ಇದ್ದವರಿಗೆ ಬೇರೊಂದು ಬಗೆಯಲ್ಲಿ ಮರಳಿ ಬಂತು.

ಬಂದವರ ಮಾತು, ಇದ್ದವರ ಮಾತು ಎರಡೂ ಆಯಿತು. ಈಗ ಇದೇ ಅಳತೆಗೋಲನ್ನು ಬೇರೊಂದು ದೇಶಕ್ಕೆ ಹಿಡಿದು ನೋಡೋಣ. ಕನ್ನಡಿಗರು ಬಹಳ ಮಂದಿ ನೆಲಸಿರುವ ಬ್ರಿಟನ್ನಿಗೆ.

ಬ್ರಿಟನ್ನಿನಲ್ಲಿ 1999ರಲ್ಲಿ ಒಂದು ಕಾನೂನಾಯಿತು. ಆಶ್ರಯ ಕೋರಿ ಬಂದವರು ಗತಿಯಿಲ್ಲದವರಾದರೆ ಅವರಿಗೆ ವಸತಿ ಕೊಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಇದು ದೊಡ್ಡ ಮಾತು. ವಸತಿಯ ಮಾತು ಕಾನೂನಿನಲ್ಲೇ ಬಂತು. ಆದರೆ ಯಾವ ಊರು, ಯಾವ ಮನೆ ಎಂದು ಆರಿಸಿಕೊಳ್ಳುವ ಹಕ್ಕು ಬಂದವರಿಗಿಲ್ಲ. ಬಾಡಿಗೆ ಅಗ್ಗವಿದ್ದ ಊರುಗಳಿಗೆ ಅವರನ್ನು ಹಂಚಿದರು. ಅರ್ಜಿಗಳ ತೀರ್ಮಾನ ತಡವಾಗುತ್ತ ಹೋಯಿತು, ಮನೆಗಳು ಸಾಲದಾದವು. 2020ರಿಂದ ಹೋಟೆಲುಗಳನ್ನು ಹಿಡಿದು ಅಲ್ಲಿ ಇರಿಸುವುದು ಹೆಚ್ಚಾಯಿತು. 2023ರ ಸೆಪ್ಟೆಂಬರ್ ಹೊತ್ತಿಗೆ ಹೀಗೆ ಹೋಟೆಲುಗಳಲ್ಲಿದ್ದವರು ಸುಮಾರು 56,000 ಮಂದಿ. ಅದೇ ವರ್ಷ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ನಿಲ್ಲಿಸಿದ ಒಂದು ದೊಡ್ಡ ದೋಣಿಯಲ್ಲೂ ನೂರಾರು ಜನರನ್ನು ಇಟ್ಟರು. ಮರುವರ್ಷ ಅದನ್ನು ಮುಚ್ಚಿದರು.

ಆ ಹೋಟೆಲಿನ ಕೋಣೆಯನ್ನು ಊಹಿಸಿಕೊಳ್ಳಿ. ಮಂಚವಿದೆ, ದೀಪವಿದೆ, ಮೂರು ಹೊತ್ತು ಊಟ ಬರುತ್ತದೆ. ಒಲೆ ಇಲ್ಲ. ತನ್ನ ಅಡುಗೆ ತಾನು ಮಾಡಿಕೊಳ್ಳುವ ಹಾಗಿಲ್ಲ. ಮೊದಲ ಒಂದು ವರ್ಷ ಕೆಲಸಕ್ಕೆ ಅನುಮತಿ ಕೇಳುವ ಹಾಗೂ ಇಲ್ಲ. ಇವತ್ತು ಇಲ್ಲಿ, ನಾಳೆ ಎಲ್ಲಿಗೆ ಎಂದು ಗೊತ್ತಿಲ್ಲ. ಸರ್ಕಾರಕ್ಕೆ ದಿನಕ್ಕೆ ಲಕ್ಷಾಂತರ ಪೌಂಡ್ ಖರ್ಚು. ಊರಿನವರಿಗೆ ಸಿಟ್ಟು. ಒಳಗಿರುವವನಿಗೆ ಗೋಡೆ ನೋಡುತ್ತ ಕೂರುವ ಶಿಕ್ಷೆ. ಖರ್ಚು ಮಾಡಿದವರು, ಉಂಡವರು, ನೋಡಿದವರು ಯಾರಿಗೂ ನೆಮ್ಮದಿಯಿಲ್ಲ. ಯಾಕೆಂದರೆ ಅಲ್ಲಿ ಸೂರು ಇದೆ, ಒಕ್ಕಲಿಲ್ಲ. ಬಿತ್ತಲು ಏನೂ ಇಲ್ಲ.

ಹಾಗಾದರೆ ನಾವು ಗೆದ್ದೆವೇ? ಅವಸರ ಬೇಡ. ಬ್ರಿಟನ್ನಿನಲ್ಲಿ ಇರುವುದು ನಮ್ಮಲ್ಲಿ ಇಲ್ಲ. ಅದು ಕಾನೂನು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ರಾಷ್ಟ್ರೀಯ ಕಾಯ್ದೆಯನ್ನೂ ಮಾಡಿಲ್ಲ. ಬೈಲಕುಪ್ಪೆಯಲ್ಲಿ ನಾವು ಕೊಟ್ಟದ್ದು ಔದಾರ್ಯದಿಂದ. ಔದಾರ್ಯ ಎಲ್ಲರಿಗೂ ಒಂದೇ ಸಮನಾಗಿ ಹರಿಯುವುದಿಲ್ಲ. ಬರ್ಮಾದಿಂದ ಓಡಿಬಂದ ರೊಹಿಂಗ್ಯಾ ಸಂಸಾರಗಳು ದಿಲ್ಲಿ, ಜಮ್ಮು, ಹೈದರಾಬಾದಿನ ಅಂಚಿನಲ್ಲಿ ಟಾರ್ಪಾಲಿನ ಗುಡಿಸಲಲ್ಲಿವೆ. ಅವರ ಮಕ್ಕಳಿಗೂ ಸೆಕೆ ಅದೇ ಸೆಕೆ, ಮಳೆ ಅದೇ ಮಳೆ. ಒಬ್ಬರಿಗೆ 3,000 ಎಕರೆ ಕೊಟ್ಟ ಕೈ ಇನ್ನೊಬ್ಬರ ಮುಂದೆ ಮುಚ್ಚಿಕೊಂಡರೆ ಕೇಳುವವರು ಯಾರು? ಕಾನೂನಿದ್ದರೆ ಕೇಳಬಹುದಿತ್ತು.

ಔದಾರ್ಯ ಪಡೆದ ಟಿಬೆಟನ್ನರಿಗೂ ಈ ಕೊರತೆ ತಟ್ಟಿದೆ. ಅವರು ಉಳುವ ಜಮೀನು ಅವರ ಹೆಸರಿನಲ್ಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಒಂದು ಪುನರ್ವಸತಿ ನೀತಿ ತಂದು, ರಾಜ್ಯಗಳು 20 ವರ್ಷಗಳ ಗುತ್ತಿಗೆ ಪತ್ರ ಬರೆದುಕೊಡಬೇಕೆಂದಿತು. ಅಲ್ಲಿಯವರೆಗೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ನಂಬಿಕೆಯ ಮೇಲೆಯೇ ಬಿತ್ತಿದರು. ಇಲ್ಲೇ ಹುಟ್ಟಿದವರೂ ಪರದೇಶಿಯ ನೋಂದಣಿ ಪತ್ರವನ್ನು ಆಗಾಗ ನವೀಕರಿಸಿಕೊಳ್ಳಬೇಕು. 1950ರಿಂದ 1987ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂಬ ಮಾತು ಪೌರತ್ವ ಕಾಯ್ದೆಯಲ್ಲೇ ಇದೆ. ಅದನ್ನು ಟಿಬೆಟನ್ನರಿಗೂ ಅನ್ವಯಿಸಿಕೊಳ್ಳಲು ಕೋರ್ಟಿಗೆ ಹೋಗಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ಹೇಳಿದವು. ಒಳ್ಳೆಯದಾಯಿತು. ಆದರೂ ಬಹಳಷ್ಟು ಯುವಜನ ಈಗ ನೆಲೆಗಳನ್ನು ಬಿಟ್ಟು ಬೆಂಗಳೂರಿಗೆ, ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಓದಿದ ಮಕ್ಕಳು ಹಳ್ಳಿ ಬಿಡುವುದು ನಮ್ಮಲ್ಲೂ ಇದೆ. ಆದರೆ ನಮ್ಮ ಮಕ್ಕಳಿಗೆ ಹಿಂದೆ ಬರಲು ಒಂದು ಪಹಣಿ ಇದೆ.

ಕೇಳುಗರೇ, ಕೊನೆಯದಾಗಿ ಎಲ್ಲವನ್ನೂ ಒಟ್ಟುಗೂಡಿಸುತ್ತೇನೆ. ತುರ್ತಿನ ಸೂರು ಜೀವ ಉಳಿಸುತ್ತದೆ. ಅದನ್ನು ಬೇಗ ಕೊಡಬೇಕು, ಬೇಗ ಮುಗಿಸಬೇಕು. ಆಮೇಲಿನ ನೆಲೆಯಲ್ಲಿ ದುಡಿಮೆ, ಶಾಲೆ, ತಮ್ಮವರು, ನೆರೆಯವರ ಒಳಿತು ನಾಲ್ಕೂ ಕೂಡಿರಬೇಕು. ಇವೆಲ್ಲ ಒಬ್ಬ ಮುಖ್ಯಮಂತ್ರಿಯ, ಒಬ್ಬ ಪ್ರಧಾನಿಯ ಒಳ್ಳೆಯ ಮನಸ್ಸನ್ನು ಕಾಯದೆ, ಕಾನೂನಿನ ಬಲದಿಂದ ನಡೆಯಬೇಕು. ತುರ್ತಿನ ಸೂರು, ಆಮೇಲಿನ ನೆಲೆ, ಈ ಎರಡನ್ನು ಮಾಡಿ ತೋರಿಸಿದ ನಾಡು ನಮ್ಮದು. ಮೂರನೆಯದು, ಕಾನೂನು, ಬಾಕಿ ಇದೆ.

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂದು ನಮ್ಮಲ್ಲಿ ಗಾದೆ. ಟಿಬೆಟನ್ನರು ನೀರಿಗೆ ಬಂದರು, ನಮ್ಮ ಜೊತೆ ಸಂತೆಗೂ ಬಂದರು. ಆದರೆ ಇವತ್ತಿಗೂ ಬಸ್ಸಿನ ಕಂಡಕ್ಟರು ಬೈಲಕುಪ್ಪೆಯ ತಿರುವಿನಲ್ಲಿ ಕೂಗುವುದು ‘ಕ್ಯಾಂಪ್, ಕ್ಯಾಂಪ್’ ಎಂದೇ. ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಸಿಂಧನೂರಿನ ಬಳಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಭತ್ತ ಬೆಳೆಯುವ ಊರುಗಳಿಗೂ ಆರ್.ಎಚ್. ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್, ಎಂದೇ ಹೆಸರು. ಮೊಮ್ಮಕ್ಕಳು ಹುಟ್ಟಿದ ಮೇಲೂ ಕ್ಯಾಂಪ್ ಎಂಬ ಮಾತು ಅಳಿಯಲಿಲ್ಲ. ನಿಮ್ಮ ಊರಲ್ಲಿ ಎಷ್ಟು ಒಕ್ಕಲು ಎಂದು ಅವರನ್ನು ಯಾರೂ ಕೇಳಿದ್ದಿಲ್ಲ.

ಈ ಸಲ ಮುಂಗಾರಿನ ಹೊತ್ತಿಗೆ ಬೈಲಕುಪ್ಪೆಯ ದಾರಿಯಲ್ಲಿ ಹೋದರೆ ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿ. ಬಣ್ಣದ ಪ್ರಾರ್ಥನೆಯ ಬಾವುಟಗಳ ಆಚೆ, ಕೆಂಪು ಮಣ್ಣಿನಲ್ಲಿ ಮೊಣಕಾಲೆತ್ತರದ ಜೋಳ ನಿಂತಿರುತ್ತದೆ. ಇಳಿದು ಯಾರನ್ನಾದರೂ ಮಾತನಾಡಿಸುವ ಅವಕಾಶವಾದರೆ ಆ ಪ್ರಶ್ನೆಯನ್ನೇ ಕೇಳಿ. ನಿಮ್ಮ ಊರಲ್ಲಿ ಎಷ್ಟು ಒಕ್ಕಲು?